ಪದ ಪ್ರಶ್ನೆ: ‘ಪಾಪರ್’ ಆದವನು ಪಾಪಿಯೇ?

ಪ್ರಶ್ನೆ: ವ್ಯಾಪಾರದಲ್ಲಿ ಎಲ್ಲ ಕಳೆದುಕೊಂಡವರನ್ನು ‘ಪಾಪರ್ ಆದರು’, ‘ಪಾಪರ್ ಚೀಟಿ ತಗೊಂಡರು’ ಎನ್ನುತ್ತಾರೆ. ಇದು ‘ಪಾಪ’ದಿಂದ ಬಂದ ಮಾತೇ? ದಿವಾಳಿ ಎಂದರೂ ಇದೇ ಅರ್ಥವೇ?

ಉತ್ತರ: ಪಾಪಕ್ಕೂ ಇದಕ್ಕೂ ನಂಟಿಲ್ಲ. ‘ಅಯ್ಯೋ ಪಾಪ’ ಎನ್ನುವ ಮರುಕದ ಮಾತು ನಾಲಿಗೆ ತುದಿಯಲ್ಲೇ ಇರುವುದರಿಂದ ಹಾಗೆ ಕೇಳಿಸುತ್ತದೆ. ಲ್ಯಾಟಿನ್ನಿನಲ್ಲಿ ‘ಬಡವ’ ಎಂಬರ್ಥದ ಪದವೊಂದು ಇಂಗ್ಲಿಷಿಗೆ ಬಂದು, ಕೋರ್ಟು ಕಚೇರಿಯ ದಾರಿಯಲ್ಲಿ ಕನ್ನಡಕ್ಕೆ ಇಳಿಯಿತು. ಇಂಗ್ಲಿಷಿನಲ್ಲಿ ಅದು ಮನುಷ್ಯನನ್ನು ಹೆಸರಿಸುವ ಪದ. ನಾವು ಅದನ್ನು ಸ್ಥಿತಿಯಾಗಿಸಿಕೊಂಡೆವು: ಪಾಪರ್ ಆದ, ಪಾಪರ್ ಎದ್ದುಹೋದ. ‘ದಿವಾಳಿ ಎದ್ದ’ ಎಂಬಲ್ಲೂ ಅದೇ ಕ್ರಿಯಾಪದ ಇರುವುದರಿಂದ ಎರಡೂ ಕಲಸಿಹೋಗಿರಬೇಕು.

ಕಾನೂನಿನಲ್ಲಿ ಮಾತ್ರ ಎರಡೂ ಬೇರೆ. ದಿವಾಳಿ ಅರ್ಜಿ ಹಾಕುವವನು ಸಾಲ ತೀರಿಸಲಾಗದವನು. ಪಾಪರ್ ದಾವೆ ಹೂಡುವವನಿಗೆ ಬಿಡಿಗಾಸಿನ ಸಾಲವೂ ಇಲ್ಲದಿರಬಹುದು. ದಾವೆಗೆ ಬೇಕಾದ ಕೋರ್ಟ್ ಶುಲ್ಕ ಕಟ್ಟುವ ಶಕ್ತಿ ಅವನಿಗಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶ ಇಂಥವರಿಗಾಗಿಯೇ ಇದೆ. 1976ರ ತಿದ್ದುಪಡಿಯಲ್ಲಿ ‘ಪಾಪರ್’ ಹೋಗಿ ‘ಇಂಡಿಜೆಂಟ್ ಪರ್ಸನ್’ ಬಂತು. ಜನರ ಬಾಯಿಂದ ಹೋಗಲಿಲ್ಲ.

ಅರ್ಜಿಯಲ್ಲಿ ದಾವೆಯ ವಿವರದ ಜೊತೆಗೆ ಚರ, ಸ್ಥಿರ ಆಸ್ತಿಯ ಪಟ್ಟಿಯನ್ನೂ ಅಂದಾಜು ಬೆಲೆಯನ್ನೂ ಬರೆದು ಸಹಿ ಮಾಡಬೇಕು. ಕೋರ್ಟು ವಿನಾಯಿತಿ ಕೊಡದ ಹೊರತು ಅರ್ಜಿದಾರರೇ ಹೋಗಿ ಸಲ್ಲಿಸಬೇಕು. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಕಸುಬಿನ ಉಪಕರಣಗಳಂಥ ಜಪ್ತಿಗೆ ಒಳಪಡದ ವಸ್ತುಗಳನ್ನು ಬಿಟ್ಟು ಆರ್ಥಿಕ ಶಕ್ತಿಯನ್ನು ಅಳೆಯುತ್ತಾರೆ. ಅರ್ಜಿಗೆ ಮುಂಚಿನ ಎರಡು ತಿಂಗಳೊಳಗೆ ಮೋಸದಿಂದ ಆಸ್ತಿ ಪರಭಾರೆ ಮಾಡಿದ್ದರೆ ಅರ್ಜಿ ತಿರಸ್ಕೃತ. ಇನ್ನೊಂದು ತಪ್ಪು ತಿಳಿವಳಿಕೆ: ಪಾಪರ್ ಎಂದರೆ ಶುಲ್ಕ ಮಾಫಿ ಎನ್ನುವುದು. ಅದು ಮುಂದಕ್ಕೆ ಹೋಗುತ್ತದೆ, ಅಷ್ಟೇ. ಸೋತರೆ ಶುಲ್ಕ ಕಟ್ಟುವಂತೆ ಅರ್ಜಿದಾರರಿಗೇ ಆದೇಶವಾಗುತ್ತದೆ.

ಆಡುಮಾತಿನಲ್ಲಿ ‘ಪಾಪರ್’ ಹೇಗೆ ಬಳಸಿದರೂ ತಕರಾರಿಲ್ಲ. ಕೋರ್ಟ್ ವರದಿ ಬರೆಯುವವರು ಮಾತ್ರ ದಿವಾಳಿಯಾದ ಕಂಪನಿಯನ್ನು ‘ಪಾಪರ್’ ಎನ್ನಬಾರದು.

ಪ್ರಶ್ನೆ: ‘ದಾರಿದ್ರ್ಯತೆ’ ಸರಿಯೇ? ‘ದರಿದ್ರ ಕುಟುಂಬ’ ಎಂದು ಬರೆಯಬಹುದೇ?

ಉತ್ತರ: ದರಿದ್ರ ಗುಣವಾಚಕ. ಅದಕ್ಕೆ ‘ತೆ’ ಸೇರಿದರೆ ದರಿದ್ರತೆ. ‘ಯ’ ಪ್ರತ್ಯಯ ಸೇರಿದರೆ ಮೊದಲ ಸ್ವರ ಹಿಗ್ಗಿ ದಾರಿದ್ರ್ಯ. ದೀನತೆ, ದೈನ್ಯ ಆದ ಹಾಗೆ. ಎರಡರಲ್ಲಿ ಒಂದು ಸಾಕು. ‘ದಾರಿದ್ರ್ಯತೆ’ಯಲ್ಲಿ ಭಾವಪ್ರತ್ಯಯ ಎರಡು ಸಲ ಬಂದಿದೆ. ಪ್ರಾಮುಖ್ಯತೆ, ಸೌಜನ್ಯತೆಗಳದ್ದೂ ಇದೇ ಕಾಯಿಲೆ, ಅವು ಈಗ ವಾಸಿಯಾಗುವ ಹಂತ ದಾಟಿವೆ. ಬರೆಯುವಾಗ ದಕ್ಕೆ ರ ಒತ್ತು, ಆಮೇಲೆ ಯ ಒತ್ತು. ‘ದಾರಿದ್ರ’, ‘ದಾರಿದ್ಯ’ ಎರಡೂ ತಪ್ಪು.

‘ದರಿದ್ರ ಕುಟುಂಬ’ ವ್ಯಾಕರಣಕ್ಕೆ ಸರಿ, ಕಿವಿಗೆ ಸರಿಯಲ್ಲ. ‘ದರಿದ್ರ ಬಸ್ಸು ಇನ್ನೂ ಬಂದಿಲ್ಲ’ ಎಂದು ಬೈಯುವ ನಾಡಿನಲ್ಲಿ ಅದು ಬೈಗುಳವಾಗಿಯೇ ಕೇಳುತ್ತದೆ. ‘ಕಡುಬಡ ಕುಟುಂಬ’ ಎನ್ನಿ. ‘ಕಡು’ ಎಂದರೆ ತೀವ್ರ: ಕಡುಗೋಪ, ಕಡುವೈರಿ. ‘ಬಡ’ದ ಹಿಂದೆ ಸೊರಗಿದ, ಕೃಶವಾದ ಎಂಬರ್ಥವೂ ಉಂಟು, ‘ಮಗು ಬಡವಾಗಿದೆ’ ಎಂದರೆ ಸಣಕಲಾಗಿದೆ ಎಂದು. ಆದರೆ ‘ದಾರಿದ್ರ್ಯ’ಕ್ಕೆ ಈ ಬೈಗುಳದ ಕಳಂಕ ಅಷ್ಟಾಗಿ ತಟ್ಟಿಲ್ಲ. ‘ಬೌದ್ಧಿಕ ದಾರಿದ್ರ್ಯ’ ಎಂಬಲ್ಲಿ ಅದನ್ನು ತೆಗೆದು ‘ಬಡತನ’ ಇಟ್ಟರೆ ಚಾಟಿಯೇಟು ಮೆತ್ತಗಾಗುತ್ತದೆ.

ಪ್ರಶ್ನೆ: ನಿರ್ಗತಿಕರು, ಕಡುಬಡವರು ಒಂದೇ ಅಲ್ಲವೇ?

ಉತ್ತರ: ಅಲ್ಲ. ಗತಿ ಎಂದರೆ ದಾರಿ, ಆಸರೆ. ದಿನಗೂಲಿಯೂ ಸೋರುವ ಸೂರೂ ಇರುವವರು ಕಡುಬಡವರು. ಹೋಗಲು ಜಾಗ, ಕೇಳಲು ಜನ ಇಲ್ಲದವರು ನಿರ್ಗತಿಕರು. ನೆರೆ ಬಂದ ರಾತ್ರಿ ಉಳ್ಳವರೂ ನಿರ್ಗತಿಕರಾಗಬಹುದು. ಏನೂ ಇಲ್ಲದವನು ಎಂಬರ್ಥದ ‘ಅಕಿಂಚನ’ ಮೂರನೆಯದು, ಅದಕ್ಕೆ ವೈರಾಗ್ಯದ ಗೌರವವಿದೆ. ಜೈನರ ದಶಧರ್ಮಗಳಲ್ಲಿ ಆಕಿಂಚನ್ಯವೂ ಒಂದು. ಪಡಿತರ ಚೀಟಿಯ ಅರ್ಜಿಯಲ್ಲಿ ಅದಕ್ಕೆ ಕೆಲಸವಿಲ್ಲ.