ರೀಬೂಟ್ ಆದ್ಮೇಲೆ ಎಸ್‌ಡಿಎ, ಎಸ್‌ಡಿಬಿ ಅದಲು ಬದಲಾಗೋದು ಯಾಕೆ

ಕೇಬಲ್ ಮುಟ್ಟೇ ಇಲ್ಲ, ಆದ್ರೂ ರೀಬೂಟ್ ಮಾಡಿದ್ಮೇಲೆ ಎಸ್‌ಡಿಎ (sda, ಲಿನಕ್ಸ್ ಡಿಸ್ಕ್‌ಗೆ ಕೊಡೋ ಹೆಸರು) ಇದ್ದ ಡಿಸ್ಕ್ ಎಸ್‌ಡಿಬಿ (sdb) ಹೆಂಗಾಯ್ತು ಅಂತ ಕೇಳಿದ್ದೀರಲ್ಲ, ಗಾಬರಿ ಬೇಡ, ಡಿಸ್ಕ್ ಕೆಟ್ಟಿಲ್ಲ. ಲಿನಕ್ಸ್ ಕರ್ನಲ್ (ಹಾರ್ಡ್‌ವೇರ್ ನೋಡ್ಕೊಳ್ಳೋ ಮೂಲ ಭಾಗ) ಪಿಸಿಐ ಬಸ್‌ನ, ಅಂದ್ರೆ ಡಿಸ್ಕ್ ಕಂಟ್ರೋಲರ್ ಥರದವು ಕಂಪ್ಯೂಟರ್‌ಗೆ ಸೇರೋ ದಾರಿನ, ಸಾಲಾಗೇ ನೋಡ್ಕೊಂಡು ಹೋಗುತ್ತೆ, ಒಂದೊಂದು ಬಸ್‌ನಲ್ಲಿ 0ಯಿಂದ 31ರ ತನಕ ಡಿವೈಸ್, ಒಂದೊಂದು ಡಿವೈಸ್‌ನಲ್ಲಿ 0ಯಿಂದ 7ರ ತನಕ ಫಂಕ್ಷನ್ (ಡಿವೈಸ್ ಒಳಗಿನ ಬೇರೆ ಬೇರೆ ಭಾಗ), ಅಲ್ಲಿವರೆಗೂ ಕ್ರಮ ತಪ್ಪಲ್ಲ. ತೊಂದ್ರೆ ಶುರುವಾಗೋದೇ ಆಮೇಲೆ. ಡ್ರೈವರ್ ಲೋಡಾಗೋದು, ಪೋರ್ಟ್‌ಗಳಲ್ಲಿ ಡಿಸ್ಕ್ ಹುಡುಕೋದು ಎಲ್ಲಾ ಒಟ್ಟೊಟ್ಟಿಗೇ ನಡಿಯುತ್ತೆ, ಎಸ್‌ಎಸ್‌ಡಿ ತಕ್ಷಣ ಉತ್ತರ ಕೊಡುತ್ತೆ, ಹಾರ್ಡ್ ಡಿಸ್ಕ್ ತಿರುಗಿ ಸ್ಪೀಡ್‌ಗೆ ಬರೋಕೆ ಕೆಲವು ಸೆಕೆಂಡ್ ಬೇಕು, ಯಾವ್ದು ಮೊದಲು ರಿಜಿಸ್ಟರ್ ಆಯ್ತೋ ಅದಕ್ಕೆ ಎ, ಮುಂದಿನದಕ್ಕೆ ಬಿ, ಅಷ್ಟೇ. ಹೆಸರು ಪೋರ್ಟ್‌ಗೆ ಅಂಟ್ಕೊಂಡಿರಲ್ಲ. ಎರಡು ಬೂಟ್‌ನ ಕರ್ನಲ್ ಲಾಗ್ ಪಕ್ಕಪಕ್ಕ ಇಟ್ಟು ಎಡಗಡೆ ಇರೋ ಟೈಮ್ ನೋಡಿ, ನಿಮಗೇ ಗೊತ್ತಾಗುತ್ತೆ.

ದಯವಿಟ್ಟು ಎಫ್‌ಎಸ್‌ಟ್ಯಾಬ್‌ನಲ್ಲಿ (fstab, ಯಾವ ಡಿಸ್ಕ್ ಎಲ್ಲಿ ಜೋಡಿಸ್ಬೇಕು ಅಂತ ಬರೆದಿರೋ ಫೈಲ್) ಎಸ್‌ಡಿಎ1 (ಎಸ್‌ಡಿಎ ಡಿಸ್ಕ್‌ನ ಮೊದಲ ಪಾರ್ಟಿಷನ್) ಅಂತ ಬರೀಬೇಡಿ, ಯುಯುಐಡಿ (UUID, ಆ ಪಾರ್ಟಿಷನ್‌ನ ಫೈಲ್‌ಸಿಸ್ಟಮ್‌ಗೆ ಇರೋ ಗುರುತಿನ ನಂಬರ್) ಹಾಕಿ, ಬಿಎಲ್‌ಕೆಐಡಿ (blkid) ಕಮಾಂಡ್ ಕೊಟ್ರೆ ಸಿಗುತ್ತೆ. ಇಷ್ಟು ಒತ್ತಿ ಹೇಳ್ತಿರೋದಕ್ಕೆ ಕಾರಣ ಇದೆ, ನಾನೊಮ್ಮೆ ಹಳೇ ಹೆಸರು ನಂಬ್ಕೊಂಡು ಫಾರ್ಮ್ಯಾಟ್ ಕೊಟ್ಟು ಬ್ಯಾಕಪ್ ಡಿಸ್ಕನ್ನೇ ಕಳ್ಕೊಂಡೆ. ಫಾರ್ಮ್ಯಾಟ್ ಮಾಡೋ ಮುಂಚೆ ಡಿಸ್ಕ್‌ನ ಸೀರಿಯಲ್ ನಂಬರ್ ಕೂಡ ಒಂದ್ಸಲ ತಾಳೆ ನೋಡ್ಕೊಳಿ.