‘ಸ್ಪಾಟ್ ಆನ್’ ಅಂದರೆ ಎಷ್ಟು?

ತಮ್ಮಾ, ಹುಬ್ಬಳ್ಳಿ ಬಿಟ್ಟು ಪುಣೆ ಹತ್ತಿರದ ಚಾಕಣದ ಬಿಡಿಭಾಗದ ಕಂಪನಿಗೆ, ಅದೂ ಕ್ವಾಲಿಟಿ ವಿಭಾಗಕ್ಕೆ ಬರುತ್ತಿದ್ದೀ ಅಂತ ಓದಿ ಖುಷಿಯಾಯಿತು. ನೀನು ಕೇಳಿದ್ದು ನಾಲ್ಕು. ಮನೆ ಎಲ್ಲಿ ಹಿಡಿಯಲಿ, ಊಟ ಹೇಗೆ, ಮರಾಠಿ ಬರದೆ ನಡೆಯುತ್ತದೆಯೇ, ಮತ್ತು ವಿದೇಶದ ಗಿರಾಕಿಗಳು ಕಾಲ್‌ನಲ್ಲಿ ‘ಸ್ಪಾಟ್ ಆನ್’, ‘ಬ್ಯಾಂಗ್ ಆನ್’, ‘ಆನ್ ದ ನೋಸ್’ ಅಂತಾರಲ್ಲ, ಎಲ್ಲ ಒಂದೇನಾ, ನಾನು ಯಾವುದನ್ನು ಹೇಳಲಿ? ಮೊದಲ ಮೂರಕ್ಕೆ ಉತ್ತರ ಕೊಡುವವರು ಪುಣೆ ತುಂಬ ಇದ್ದಾರೆ. ನಾಲ್ಕನೆಯದನ್ನು, ನಾನು ಇಲ್ಲಿನ ಸ್ಟೇಷನ್ನಿನಲ್ಲಿ ಟ್ರಂಕು ಇಳಿಸಿದ ವರ್ಷ, ಯಾರೂ ಬಿಡಿಸಿ ಹೇಳಲಿಲ್ಲ. ಅದಕ್ಕೇ ಅದನ್ನೇ ಉದ್ದ ಬರೆಯುತ್ತೇನೆ.

ಮನೆ ಕಂಪನಿಗೆ ಹತ್ತಿರ ಹಿಡಿ: ಚಾಕಣ, ಮೋಶಿ, ಭೋಸರಿ. ಕೋಥರೂಡ ಚಂದ ಅಂತ ಅಲ್ಲಿ ಹಿಡಿದರೆ ಅರ್ಧ ಆಯುಷ್ಯ ನಾಶಿಕ್ ರಸ್ತೆಯಲ್ಲೇ ಹೋಗುತ್ತದೆ. ಜೋಳದ ರೊಟ್ಟಿಗೆ ಇಲ್ಲಿ ಭಾಕರಿ ಅಂತಾರೆ, ಸಿಗುತ್ತದೆ. ಅವ್ವನ ಕೈಯದು ಸಿಗುವುದಿಲ್ಲ. ಶೇಂಗಾ ಚಟ್ನಿಪುಡಿಯ ಡಬ್ಬಿ ದೊಡ್ಡದೇ ತಾ.

ಇನ್ನು ಮಾತಿಗೆ ಬರೋಣ. ‘ಸ್ಪಾಟ್ ಆನ್’ ಬ್ರಿಟನ್ನಿನವರ ಮಾತು. ಅಂದಾಜು, ಊಹೆ, ವಿಶ್ಲೇಷಣೆ ಸರಿಯಾಗಿ ಬಿದ್ದಾಗ ಹೇಳುವುದು. ‘ಯುವರ್ ಎಸ್ಟಿಮೇಟ್ ವಾಸ್ ಸ್ಪಾಟ್ ಆನ್’ ಅಂದರೆ ನೀನು ಹೇಳಿದ ಖರ್ಚು, ದಿನ, ಕಾರಣ ತಪ್ಪಲಿಲ್ಲ ಅಂತ. ‘ಬ್ಯಾಂಗ್ ಆನ್’ ಅದರ ತಮ್ಮ, ಬ್ರಿಟಿಷ್ ವಾಯುಪಡೆಯವರ ಬಾಯಲ್ಲಿ ಬೆಳೆದದ್ದು, ನಮ್ಮ ದೇಶದ ಇಂಗ್ಲಿಷಿಗೂ ಬಲು ಪ್ರಿಯ. ಆದರೆ ಹಿಂದೆ ಒಂದು ‘ಅಬೌಟ್’ ಸೇರಿದರೆ ಅರ್ಥವೇ ಬೇರೆ. ‘ಹಿ ಬ್ಯಾಂಗ್ಸ್ ಆನ್ ಅಬೌಟ್ ಕಾಸ್ಟ್’ ಅಂದರೆ ‘ಖರ್ಚು ಖರ್ಚು ಅಂತ ತಲೆ ತಿನ್ನುತ್ತಾನೆ’. ಅದನ್ನು ಹೊಗಳಿಕೆ ಅಂದುಕೊಂಡು ನಕ್ಕೀಯ.

ಸರಿಯಾಗಿ ಬಿದ್ದದ್ದಕ್ಕೆ ಅಮೆರಿಕದವರು ‘ಆನ್ ದ ಮನಿ’, ‘ಆನ್ ದ ನೋಸ್’ ಅನ್ನುತ್ತಾರೆ. ಎರಡನೆಯದನ್ನು ನೀನು ಬಳಸಬೇಡ. ಆಸ್ಟ್ರೇಲಿಯಾದಲ್ಲಿ ಅದಕ್ಕೆ ‘ನಾರುತ್ತಿದೆ’ ಎಂಬ ಅರ್ಥವೂ ಇದೆ. ಬರಹಕ್ಕೋ ಪ್ರೆಸೆಂಟೇಷನ್ನಿಗೋ ‘ಎ ಬಿಟ್ ಆನ್ ದ ನೋಸ್’ ಅಂದರೆ ಸೂಕ್ಷ್ಮವಿಲ್ಲದೆ ಮುಖಕ್ಕೆ ಬಡಿದ ಹಾಗೆ ಹೇಳಿದ್ದೀ ಅಂತ ಟೀಕೆ. ‘ಡೆಡ್ ಆನ್’, ‘ಡೆಡ್ ಸೆಂಟರ್’ ಕೇಳಿ ಬೆದರಬೇಡ, ಇಲ್ಲಿ ‘ಡೆಡ್’ ಅಂದರೆ ಪೂರ್ತಿ. ‘ಡೆಡ್ ರೈಟ್’ ಇದ್ದಂತೆ ‘ಡೆಡ್ ರಾಂಗ್’ ಕೂಡ ಉಂಟು.

‘ಹಿಟ್ ದ ನೇಲ್ ಆನ್ ದ ಹೆಡ್’ ಐದಾರು ಶತಮಾನದ ಹಳೆಯ ಮಾತು. ತಕರಾರಿನ ಮೂಲವನ್ನು ಒಬ್ಬರು ಒಂದೇ ವಾಕ್ಯದಲ್ಲಿ ಹಿಡಿದು ಹೇಳಿದಾಗ ಬಳಸುವುದು. ಹುಡುಗರು ಹೇಳುವ ‘ನೇಲ್ಡ್ ಇಟ್’ ಮಾಡಿ ತೋರಿಸಿದ ಕೆಲಸಕ್ಕೆ. ‘ಪಾಯಿಂಟ್ ಬ್ಲಾಂಕ್’ ಕೇಳಿ ಗುರಿಯ ಹೊಗಳಿಕೆ ಅಂದುಕೊಳ್ಳಬೇಡ. ತೀರ ಹತ್ತಿರದಿಂದ ಹೊಡೆದದ್ದು ಅಂತ ಅದರ ಅರ್ಥ, ‘ಪಾಯಿಂಟ್ ಬ್ಲಾಂಕ್ ರೆಫ್ಯೂಸ್ಡ್’ ಅಂದರೆ ನಮ್ಮ ‘ಕಡ್ಡಿ ಮುರಿದ ಹಾಗೆ ಇಲ್ಲ ಅಂದ’. ಸಮಯಕ್ಕೆ ‘ನೈನ್ ಶಾರ್ಪ್’ ಅಥವಾ ‘ನೈನ್ ಆನ್ ದ ಡಾಟ್’, ಎರಡರಲ್ಲಿ ಒಂದು ಸಾಕು.

‘ಮಾರ್ಕ್’ ಎಂಬ ಪದದ ಹತ್ತಿರ ಸ್ವಲ್ಪ ನಿಂತು ನೋಡು. ‘ಆನ್ ದ ಮಾರ್ಕ್’ ಅಂದರೆ ಗುರಿಗೆ ಬಿತ್ತು. ‘ವೈಡ್ ಆಫ್ ದ ಮಾರ್ಕ್’ ಅಂದರೆ ಗುರಿಯಿಂದ ದೂರ. ಕ್ರಿಕೆಟ್ಟಿನಲ್ಲಿ ‘ಆಫ್ ದ ಮಾರ್ಕ್’ ಅಂದರೆ ಖಾತೆ ತೆರೆದ ಅಂತ, ಅದು ಶುಭ. ‘ಅಪ್ ಟು ದ ಮಾರ್ಕ್’ಗೆ ಗುರಿಯ ಸಂಬಂಧವೇ ಇಲ್ಲ, ತಕ್ಕ ಮಟ್ಟದ್ದು ಅಂತಷ್ಟೇ. ನಮ್ಮ ಕಚೇರಿಗಳಲ್ಲಿ ‘ನಾಟ್ ಅಪ್ ಟು ದ ಮಾರ್ಕ್’ ಅಂತ ಬರೆದು ಕೈತೊಳೆಯುವ ಚಟ ಇದೆ. ಅಳತೆಯ ರಿಪೋರ್ಟಿನಲ್ಲಿ ಅದನ್ನು ಬರೆಯಲೇಬೇಡ. ಎಷ್ಟು ಕಡಿಮೆ, ಎಲ್ಲಿ ಕಡಿಮೆ ಅಂತ ಗಿರಾಕಿ ಮತ್ತೆ ಕೇಳಬೇಕಾಗುತ್ತದೆ.

ಇವುಗಳಲ್ಲಿ ‘ಸ್ಪಾಟ್ ಆನ್’ನಂಥವು ಹೊಗಳುವ ಮಾತು. ಅವರು ಹೇಳಲಿ, ನೀನು ಕೇಳಿ ಥ್ಯಾಂಕ್ಸ್ ಅನ್ನು. ನೀನೂ ಇನ್ನೊಬ್ಬರ ಕೆಲಸಕ್ಕೆ ಧಾರಾಳವಾಗಿ ಹೇಳು. ನಿನ್ನ ಅಳತೆಯ ಬಗ್ಗೆ ಮಾತ್ರ ಹೇಳಿಕೊಳ್ಳಬೇಡ. ಅಲ್ಲಿ ಬೇರೆ ಎರಡು ಪದ ಬೇಕು, ‘ಆ್ಯಕ್ಯುರೇಟ್’ ಮತ್ತು ‘ಪ್ರಿಸೈಸ್’. ಕನ್ನಡದಲ್ಲಿ ಕಲಿತ ನಮ್ಮ ಬಾಯಲ್ಲಿ ಎರಡೂ ‘ನಿಖರ’ ಆಗಿಬಿಡುತ್ತವೆ, ತೊಂದರೆ ಹುಟ್ಟುವುದೇ ಅಲ್ಲಿ.

ಬಾಲೇವಾಡಿಯ ಕ್ರೀಡಾಸಂಕುಲದ ಶೂಟಿಂಗ್ ರೇಂಜಿಗೆ ಒಮ್ಮೆ ಹೋಗಿ ಬಾ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್‌ನಲ್ಲಿ ಕಂಚು ತಂದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಪಳಗಿದ್ದು ಅಲ್ಲಿ. 10 ಮೀಟರ್ ಏರ್ ರೈಫಲ್‌ನ ಗುರಿಯಲ್ಲಿ ಹತ್ತು ಅಂಕದ ಚುಕ್ಕಿ ಬರೀ 0.5 ಮಿ.ಮೀ. ಹಾರುವ ಗುಂಡು 4.5 ಮಿ.ಮೀ., ಚುಕ್ಕಿಗಿಂತ ಒಂಬತ್ತು ಪಟ್ಟು ಅಗಲ. ಹತ್ತು ಗುಂಡು ಒಂದೇ ಕಡೆ ಗುಂಪಾಗಿ ಬಿದ್ದು, ಆ ಗುಂಪು ಚುಕ್ಕಿಯ ಎಡಕ್ಕಿದ್ದರೆ ಅದು ಪ್ರಿಸೈಸ್, ಆ್ಯಕ್ಯುರೇಟ್ ಅಲ್ಲ. ಕೈ ಚೆನ್ನಾಗಿದೆ, ರೈಫಲ್ಲಿನ ಸೈಟ್, ಅಂದರೆ ಗುರಿ ನೋಡುವ ಕಿಂಡಿ, ತಪ್ಪಿದೆ. ಸೈಟಿನ ತಿರುಪು ತಿರುಗಿಸಿದರೆ ಸರಿಹೋಗುತ್ತದೆ. ಚುಕ್ಕಿಯ ಸುತ್ತ ಎಲ್ಲ ಕಡೆ ಚೆಲ್ಲಿದ್ದರೆ ತಿರುಪು ಮುಟ್ಟಿ ಲಾಭವಿಲ್ಲ, ಉಸಿರು, ನಿಲುವು, ಬೆರಳು ನೋಡಬೇಕು. ಎರಡು ಬೇರೆ ರೋಗ, ಎರಡು ಬೇರೆ ಔಷಧಿ. ಆದ್ದರಿಂದಲೇ ಎರಡು ಪದ.

ಈಗ ನಿನ್ನ ಮೇಜಿಗೆ ಬಾ. ಶಾಫ್ಟ್ 25.00 ಮಿ.ಮೀ., ಟಾಲರೆನ್ಸ್, ಅಂದರೆ ಒಪ್ಪುವ ವ್ಯತ್ಯಾಸ, ಹೆಚ್ಚು ಕಡಿಮೆ 0.02. ನಿನ್ನ ಮೈಕ್ರೋಮೀಟರ್ ಐದು ಸಲ ತೋರಿಸಿದ್ದು 25.00, 25.00, 25.01, 25.00, 25.00. ನೋಡಿದರೆ ಕಣ್ಣು ತಣ್ಣಗಾಗುತ್ತದೆ. ಆದರೆ ಭಾಗವನ್ನು ಹಿಡಿಯುವ ಅದರ ಎರಡು ಮುಖಗಳು ಸವೆದು, ಮುಚ್ಚಿದಾಗ ಉಪಕರಣ ಸೊನ್ನೆಗಿಂತ 0.03 ಕೆಳಗೆ ನಿಲ್ಲುತ್ತಿದ್ದರೆ? ಸೊನ್ನೆಯ ಈ ತಪ್ಪೇ ಝೀರೋ ಎರರ್, ಓದಿದ್ದರಿಂದ ಅದನ್ನು ಕಳೆಯಬೇಕು. ಕಳೆಯಬೇಕಾದದ್ದೇ ಋಣ, ಆದ್ದರಿಂದ ಕೂಡಿಸಿದಂತಾಗಿ ನಿಜವಾದ ಅಳತೆ 25.03. ಭಾಗ ರಿಜೆಕ್ಟ್. ನೀನು ಮೇಲ್‌ನಲ್ಲಿ ‘ರೀಡಿಂಗ್ಸ್ ಆರ್ ವೆರಿ ಪ್ರಿಸೈಸ್’ ಅಂತ ಬರೆದಿರುತ್ತೀ, ಅದು ಸುಳ್ಳೂ ಅಲ್ಲ. ಓದಿದವರು ‘ಸರಿಯಾದ ಅಳತೆ’ ಅಂತ ತಿಳಿದು ಲಾಟ್, ಅಂದರೆ ಆ ಕಂತಿನ ಮಾಲನ್ನೆಲ್ಲ, ತರಿಸಿಕೊಳ್ಳುತ್ತಾರೆ. ಅಲ್ಲಿ ಶಾಫ್ಟ್ ಬೇರಿಂಗಿನೊಳಗೆ ಕೂರುವುದಿಲ್ಲ. ಒಂದು ಪದಕ್ಕಾಗಿ ಲಾಟ್ ಹಿಂದೆ ಬಂದ ಮೇಲೆ ಕಲಿಯುವುದು ಬಹಳ ತುಟ್ಟಿ, ತಮ್ಮಾ. ಮೊದಲೇ ತಿಳಿದಿದ್ದರೆ ಎಂಬ ಕೊರಗು ನನಗೆ ಇನ್ನೂ ಹೋಗಿಲ್ಲ.

ಆದ್ದರಿಂದ ಹೀಗೆ ಬರೆ: ‘ರಿಪೀಟಬಲ್ ವಿದಿನ್ 0.01 ಎಂಎಂ, 25.03 ಎಂಎಂ ಆಫ್ಟರ್ ಝೀರೋ ಕರೆಕ್ಷನ್’. ಐಎಸ್‌ಒ 5725 ಎಂಬ ಅಂತರರಾಷ್ಟ್ರೀಯ ಮಾನದಂಡ ಕೂಡ ಆ್ಯಕ್ಯುರಸಿಯನ್ನು ಎರಡು ತುಂಡು ಮಾಡಿ ನೋಡುತ್ತದೆ, ನಿಜಕ್ಕೆ ಎಷ್ಟು ಹತ್ತಿರ, ಒಂದಕ್ಕೊಂದು ಎಷ್ಟು ಹತ್ತಿರ ಅಂತ. ಅಳೆಯುವ ಮುನ್ನ ಎರಡೂ ಮುಖಗಳ ನಡುವೆ ಬಿಳಿ ಕಾಗದ ಇಟ್ಟು ಮೆಲ್ಲಗೆ ಹಿಡಿಸಿ ಎಳೆ, ಕೊಳೆ ಹೋಗುತ್ತದೆ. ರ‍್ಯಾಚೆಟ್‌ನಿಂದಲೇ ಮುಚ್ಚು (ಒತ್ತಡ ಸಾಕಾದಾಗ ಟಿಕ್ ಅಂತ ಜಾರುವ ತುದಿಯ ಗುಂಡಿ ಅದು), ತಿರುಗಿಸುವ ಹಿಡಿ ಥಿಂಬಲ್ ಬಿಗಿಯಬೇಡ. ಗ್ರೈಂಡಿಂಗಿನಿಂದ ಬಿಸಿ ಬಿಸಿ ಬಂದ ಭಾಗವನ್ನು ಅಳೆಯಬೇಡ, ಪ್ರಮಾಣಿತ ತಾಪಮಾನ 20 ಡಿಗ್ರಿ.

‘ಎಕ್ಸಾಕ್ಟ್’ ಎಂಬ ಪದವನ್ನು ವ್ಯಾಖ್ಯೆಗೆ ಮೀಸಲಿಡು. ಒಂದು ಇಂಚು ಎಕ್ಸಾಕ್ಟ್ಲಿ 25.4 ಮಿ.ಮೀ., 1959ರಲ್ಲಿ ಇಂಗ್ಲಿಷ್ ಮಾತಾಡುವ ದೇಶಗಳು ಕೂಡಿ ಹಾಗೆ ಗೊತ್ತು ಮಾಡಿಕೊಂಡವು. ಅಳೆದು ಬಂದದ್ದು ಯಾವತ್ತೂ ಎಕ್ಸಾಕ್ಟ್ ಅಲ್ಲ. ಇನ್ನೊಂದು ಮಾತು, ನಮ್ಮ ಕಡೆಯವರಿಗೇ. ಹಿರಿಯರು ಮಾತಾಡುವಾಗ ನಾವು ‘ಹೂಂ ರೀ, ಹೌದ್ರಿ’ ಅನ್ನುತ್ತೇವಲ್ಲ, ಅದು ಕೇಳುತ್ತಿದ್ದೇನೆ ಅನ್ನುವ ಮರ್ಯಾದೆ. ಅದೇ ಜಾಗದಲ್ಲಿ ಕಾಲ್‌ನಲ್ಲಿ ‘ಎಕ್ಸಾಕ್ಟ್ಲಿ, ಎಕ್ಸಾಕ್ಟ್ಲಿ’ ಅಂದರೆ ಅವರು ಒಪ್ಪಿದ್ದೀ ಅಂತ ಬರೆದುಕೊಳ್ಳುತ್ತಾರೆ. ‘ಐ ಸೀ’ ಅನ್ನು, ಸಾಕು.

ಮರಾಠಿ ಮೂರು ತಿಂಗಳಲ್ಲಿ ಬರುತ್ತದೆ, ಅರ್ಧ ನಿನಗೆ ಈಗಲೇ ಗೊತ್ತಿದೆ. ಹುಬ್ಬಳ್ಳಿಯ ‘ಬರೋಬ್ಬರಿ’ಯೇ ಇಲ್ಲಿನ ‘ಬರೋಬರ್’. ಸರಿ ಅಂತಲೂ ಆಗುತ್ತದೆ, ಜೊತೆಗೆ ಅಂತಲೂ ಆಗುತ್ತದೆ. ಊರಿನ ಮಾತು ಪರ ಊರಿನ ಶಾಪ್ ಫ್ಲೋರಿನಲ್ಲಿ ಕಿವಿಗೆ ಬಿದ್ದಾಗ ಜೀವ ಹಿಗ್ಗುತ್ತದೆ. ಆಪರೇಟರ್ ಭಾಗ ಕೈಗಿಟ್ಟು ‘ಬರೋಬರ್ ಆಹೆ’ ಅಂದಾಗ ನಕ್ಕು ತಗೋ. ತಗೊಂಡು ‘ಕಿತಿ ಆಲಂ?’ ಅಂತ ಕೇಳು, ಎಷ್ಟು ಬಂತು ಅಂತ.