ಕೇಸ್ ಹಾಕುವ ಮೊದಲು ಗಡುವು ನೋಡಿ
ಕೆಲಸ ಬಿಟ್ಟು ವರ್ಷವಾದ ಮೇಲೆ ಹಳೇ ಮ್ಯಾನೇಜರ್ ಕೊಟ್ಟ ಕಿರುಕುಳಕ್ಕೆ ಕೇಸ್ ಹಾಕಬಹುದಾ ಅಂತ ಕೇಳಿದ್ದೀರಿ. ಓದಿ ತುಂಬಾ ಸಂಕಟವಾಯಿತು. ಮೊದಲು ಗಡುವು ನೋಡಿ. ಇಂಥ ದೂರುಗಳಿಗೆ ಎಷ್ಟೋ ಕಡೆ ಕೆಲವೇ ತಿಂಗಳ ಕಾಲಮಿತಿ ಇರುತ್ತದೆ. ಹಾಗಾಗಿ ಈ ವಾರವೇ ಕಾರ್ಮಿಕ ಕಾನೂನು ಗೊತ್ತಿರುವ ವಕೀಲರನ್ನು ಕಾಣಿ. ಕೆಲಸ ಬಿಡುವಾಗ ಸಹಿ ಹಾಕಿದ ಕಾಗದವನ್ನೂ ಒಯ್ಯಿರಿ. ‘ಮುಂದೆ ಯಾವ ದಾವೆಯನ್ನೂ ಹೂಡುವುದಿಲ್ಲ’ ಎಂಬ ಸಾಲು ಅದರಲ್ಲಿ ಅಡಗಿರಬಹುದು. ರಾತ್ರಿ ಹನ್ನೊಂದಕ್ಕೆ ಬಂದ ಬೈಗುಳದ ಮೆಸೇಜ್, ಡಾಕ್ಟರ್ ಚೀಟಿ, ಆಗ ಎಚ್‌ಆರ್‌ಗೆ ಕಳಿಸಿದ ಮೇಲ್, ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ. ಸ್ಕ್ರೀನ್‌ಶಾಟ್ ತೆಗೆದೆ ಅಂತ ಮೂಲ ಮೆಸೇಜ್ ಅಳಿಸಬೇಡಿ.

ನಿಮಗೆ ಬೇಕಿರುವುದು ಪರಿಹಾರದ ಹಣವಾದರೆ ಹೋರಾಡಿ. ಆ ಮ್ಯಾನೇಜರ್ ತಪ್ಪು ಒಪ್ಪಿಕೊಳ್ಳಲಿ ಅನ್ನುವುದಷ್ಟೇ ಆದರೆ, ಕೋರ್ಟ್ ಅದನ್ನು ಕೊಡಿಸುವುದು ಅಪರೂಪ. ನಿದ್ದೆ ಬರುತ್ತಿಲ್ಲ ಅಂದಿರಲ್ವಾ, ಅದಕ್ಕೆ ಕೇಸ್ ಮುಗಿಯುವ ತನಕ ಕಾಯಬೇಡಿ, ಈಗಲೇ ಕೌನ್ಸೆಲರ್ ಬಳಿ ಹೋಗಿ.